'ಪ್ಲೇಮೇಕರ್ಸ್' ಒಂದೇ ಸೀಸನ್ನಿಗೆ ನಿಂತದ್ದು ಯಾಕೆ? ಸೆವೆನ್ಸ್ ಬಗ್ಗೆ ಸರಣಿ ಮಾಡುವವರು ಏನು ನೋಡಿಕೊಳ್ಳಬೇಕು?

ಮಜಲುಗದ್ದೆ (ಕುಂಬಳೆ):

ಸೆವೆನ್ಸ್ ಫುಟ್‌ಬಾಲ್ (ತಂಡಕ್ಕೆ ಏಳೇ ಜನ ಆಡುವುದು) ಆಟಗಾರರ ಬಗ್ಗೆ ಆರು ಕಂತಿನ ಒಂದು ವೆಬ್ ಸರಣಿಯ ಸ್ಕ್ರಿಪ್ಟ್ ತಯಾರಾಗ್ತಾ ಉಂಟು. ಕಂತಿಗೆ 25 ನಿಮಿಷ. ಭಾಷೆ ಕನ್ನಡವೇ, ಆದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಗ್ರೌಂಡಿನ ಬದಿಯಲ್ಲಿ ಕೇಳಿಸುವಂಥದ್ದು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತುಳುವಿಗೆ ಹಾರಿ ಮಲಯಾಳದಲ್ಲಿ ಮುಗಿಯುವ ಭಾಷೆ.

ಕಥೆ ಇಷ್ಟು: ಫುಟ್‌ಬಾಲ್ ಅಸೋಸಿಯೇಶನ್ನಿನಲ್ಲಿ ರಿಜಿಸ್ಟರ್ ಆದ ಒಬ್ಬ ಸ್ಟಾಪರ್ ಬ್ಯಾಕ್ (ಗೋಲಿನ ಎದುರು ತಡೆಯುವ ಆಟಗಾರ) ಬೇರೆ ಹೆಸರಿನಲ್ಲಿ ಸೆವೆನ್ಸ್ ಆಡ್ತಾನೆ. ಮೊಣಗಂಟು ಕೆಟ್ಟದ್ದನ್ನು ಮ್ಯಾನೇಜರಿಗೆ ಹೇಳದೆ ಇಂಜೆಕ್ಷನ್ ಹಾಕಿಸಿಕೊಂಡು ಇಳೀತಾನೆ. ಮೂರನೇ ಕಂತಿನಿಂದ ಬೆಟ್ಟಿಂಗ್ ಬರ್ತದೆ.

ಇದನ್ನು ಓದಿದವರೊಬ್ಬರು "ಅಮೆರಿಕದ ಪ್ಲೇಮೇಕರ್ಸ್ ಧಾರಾವಾಹಿಗೆ ಆದದ್ದೇ ನಿಮಗೂ ಆದೀತು" ಅಂದರು. ಅದು ಯಾಕೆ ನಿಂತಿತು, ಕೋರ್ಟಿಗೆ ಹೋಗಿತ್ತಾ, ನೋಡುವವರು ಇರಲಿಲ್ಲವಾ? ನಮ್ಮಂಥ ಸಣ್ಣ ಕೆಲಸಕ್ಕೂ ಅದೆಲ್ಲ ತಾಗ್ತದಾ? ಇನ್ನೊಂದು, ಮೂವತ್ತು ನಲ್ವತ್ತು ಜನ ಇಟ್ಟುಕೊಂಡು ಫ್ಲಡ್‌ಲೈಟಿನ ಮ್ಯಾಚ್ ತೋರಿಸುವುದು ಹೇಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

—

ಪಯಸ್ವಿನಿ ಬದಿ:

ಮೊದಲು ಒಂದು ಮಾತು. ಅದು ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಆದರೂ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಉಂಟು.

ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್ ಮಾಡಿದ ಮೊದಲ ಧಾರಾವಾಹಿ ಅದು. 2003ರ ಆಗಸ್ಟ್ 26ಕ್ಕೆ ಶುರು, ನವೆಂಬರ್ 11ಕ್ಕೆ ಮುಕ್ತಾಯ, ಒಟ್ಟು 11 ಕಂತು. ಸೃಷ್ಟಿಸಿದವರು ಜಾನ್ ಐಸೆಂಡ್ರಾತ್. ತಂಡದ ಹೆಸರು ಕೂಗರ್ಸ್, ಅದು ಎಲ್ಲೂ ಇಲ್ಲದ ತಂಡ. ಎನ್‌ಎಫ್‌ಎಲ್ (ಅಮೆರಿಕದಲ್ಲಿ ಆ ಆಟದ ದೊಡ್ಡ ಲೀಗ್) ಎಂಬ ಹೆಸರನ್ನು ಯಾರ ಬಾಯಲ್ಲೂ ಹೇಳಿಸಲಿಲ್ಲ, ಬರೀ "ಲೀಗ್" ಅಂತಲೇ ಹೇಳಿಸಿದ್ದು. ಅಂದರೆ ಹೆಸರಿನ ವಿಷಯದಲ್ಲಿ ಅವರು ಬಹಳ ಹುಷಾರಾಗಿಯೇ ಇದ್ದರು.

ತೋರಿಸಿದ್ದು ಏನು? ಮ್ಯಾಚಿನ ದಿನವೇ ಮಾದಕವಸ್ತುವಿನ ಅಡ್ಡೆಗೆ ಹೋಗುವ ಹೊಸ ಹುಡುಗ ಡಿಮಿಟ್ರಿಯಸ್ ಹ್ಯಾರಿಸ್. ವಯಸ್ಸಾಗಿ ಜಾಗ ಕಳೆದುಕೊಳ್ಳುತ್ತಿರುವ, ಹೆಂಡತಿಯ ಮೇಲೆ ಕೈ ಮಾಡುವ ಲಿಯಾನ್ ಟೇಲರ್. ತನ್ನ ಟ್ಯಾಕಲಿನಿಂದ ಎದುರಾಳಿಯ ಮೈ ಸ್ವಾಧೀನ ತಪ್ಪಿತು ಎಂಬ ಪಾಪಪ್ರಜ್ಞೆಯಲ್ಲಿ ಒದ್ದಾಡುವ ಎರಿಕ್ ಓಲ್ಚಿಕ್. ನೋವಿನ ಇಂಜೆಕ್ಷನ್, ಮೂತ್ರಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಉಪಾಯ, ಸಲಿಂಗಿ ಎಂಬುದನ್ನು ಮುಚ್ಚಿಟ್ಟುಕೊಂಡ ಒಬ್ಬ ಆಟಗಾರ. ಎಲ್ಲವೂ ಒಂದೇ ಲಾಕರ್ ರೂಮಿನಲ್ಲಿ.

ನೋಡುವವರು ಇಲ್ಲದೆ ನಿಂತದ್ದಲ್ಲ. ಆ ಹೊತ್ತಿಗೆ ಆ ಚಾನೆಲಿನಲ್ಲಿ ಮೊದಲು ಬರುತ್ತಿದ್ದ ಕಾರ್ಯಕ್ರಮಕ್ಕಿಂತ ಹೆಚ್ಚೇ ಜನ ನೋಡ್ತಾ ಇದ್ದರು. ಕೋರ್ಟಿಗೂ ಹೋಗಲಿಲ್ಲ. ಎನ್‌ಎಫ್‌ಎಲ್ ಕಮಿಷನರ್ ಪಾಲ್ ಟ್ಯಾಗ್ಲಿಯಾಬ್ಯೂ ಅವರು ಇಎಸ್‌ಪಿಎನ್‌ನ ಮಾತೃಸಂಸ್ಥೆ ಡಿಸ್ನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ಹತ್ತಿರ ನೇರ ಅಸಮಾಧಾನ ಹೇಳಿದರು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಜೆಫ್ರಿ ಲೂರಿ ಅಂತೂ, ಮಿನ್ನಿ ಮೌಸನ್ನು ಮಾದಕವಸ್ತು ದಂಧೆಯ ದೊರೆಯ ಹಾಗೆ ತೋರಿಸಿದರೆ ಡಿಸ್ನಿಯವರಿಗೆ ಹೇಗಾದೀತು ಎಂಬ ಅರ್ಥದಲ್ಲಿ ಚುಚ್ಚಿದರು. 2004ರ ಫೆಬ್ರವರಿಯಲ್ಲಿ ಇಎಸ್‌ಪಿಎನ್ ಎರಡನೇ ಸೀಸನ್ ಇಲ್ಲ ಅಂತ ಹೇಳಿತು. ಆಗಿನ ಕಾರ್ಯಕ್ರಮ ಮುಖ್ಯಸ್ಥ ಮಾರ್ಕ್ ಶಪಿರೊ ಕಾರಣವನ್ನು ಅಡಗಿಸಲೂ ಇಲ್ಲ. ಲೀಗ್ ಬೇಡವೆಂದ ಮೇಲೂ ಮುಂದುವರಿಸಿ ಪಾಲುದಾರರನ್ನು ಕೆಣಕುವುದು ನಮ್ಮ ವ್ಯಾಪಾರ ಅಲ್ಲ ಅಂತ ಬಾಯಿಬಿಟ್ಟೇ ಹೇಳಿದರು.

ಇನ್ನು ಲೆಕ್ಕಕ್ಕೆ ಬನ್ನಿ. 1998ರಲ್ಲಿ ಎನ್‌ಎಫ್‌ಎಲ್ ತನ್ನ ಮ್ಯಾಚುಗಳ ಪ್ರಸಾರದ ಹಕ್ಕನ್ನು 8 ವರ್ಷಕ್ಕೆ, ಎಲ್ಲ ಚಾನೆಲುಗಳಿಂದ ಒಟ್ಟು 17.6 ಬಿಲಿಯನ್ ಡಾಲರಿಗೆ ಮಾರಿತ್ತು. ಅದರಲ್ಲಿ ಇಎಸ್‌ಪಿಎನ್ ಒಂದೇ ವರ್ಷಕ್ಕೆ 600 ಮಿಲಿಯನ್ ಡಾಲರ್ ಕೊಡ್ತಾ ಇತ್ತು. ಡಿಸ್ನಿಯದ್ದೇ ಆದ ಎಬಿಸಿಯ ಪಾಲು ಬೇರೆ. ಧಾರಾವಾಹಿ ಬರುವಾಗ ಆ ಕರಾರು ಮುಗಿಯಲಿಕ್ಕೆ ಎರಡು ಮೂರು ಸೀಸನ್ ಮಾತ್ರ ಬಾಕಿ. 2005ರ ಏಪ್ರಿಲ್‌ನಲ್ಲಿ ಇಎಸ್‌ಪಿಎನ್ ಸೋಮವಾರ ರಾತ್ರಿಯ ಮ್ಯಾಚುಗಳನ್ನು 8 ವರ್ಷಕ್ಕೆ, ವರ್ಷಕ್ಕೆ 1.1 ಬಿಲಿಯನ್ ಡಾಲರ್ ಲೆಕ್ಕದಲ್ಲಿ ತೆಗೆದುಕೊಂಡಿತು. ಇಂಥ ಕರಾರು ಕಣ್ಣೆದುರು ಇರುವಾಗ 11 ಕಂತಿನ ಧಾರಾವಾಹಿಗೆ ಎಷ್ಟು ತೂಕ? ಹರಿವಾಣದ ಅನ್ನದ ಎದುರು ಉಪ್ಪಿನಕಾಯಿಯ ಮಿಡಿಯಷ್ಟು.

ಆದ್ದರಿಂದ ಕೇಳಬೇಕಾದದ್ದು ಕಾನೂನಿನ ಪ್ರಶ್ನೆಯಲ್ಲ. ನೀವು ಯಾರ ಬಗ್ಗೆ ಬರೀತೀರೋ ಅವರ ಹತ್ತಿರವೇ ನಿಮಗೆ ಬೇಕಾದದ್ದು ಏನಾದರೂ ಉಂಟಾ ಅಂತ ನೋಡಿ. ಉಂಟು ಅಂತಾದರೆ ನಿಮ್ಮ ಸರಣಿ ನಿಲ್ಲುವ ಜಾಗ ಅದೇ.

—

ನಾಲ್ಕನೇ ಅಂಪೈರ್:

ಮೇಲಿನವರ ಮಾತು ಮುಕ್ಕಾಲು ಪಾಲು ಸರಿ. ಆದರೆ ಪ್ರಸಾರದ ಹಕ್ಕಿನ ಹಂಗು ಇದ್ದ ಕೂಡಲೇ ಧಾರಾವಾಹಿ ನಿಲ್ಲುವುದು ಅಂತಾದರೆ ಇಂಗ್ಲೆಂಡಿನ ಫುಟ್‌ಬಾಲ್ ಧಾರಾವಾಹಿ 'ಡ್ರೀಮ್ ಟೀಮ್' ಹತ್ತು ವರ್ಷ ಓಡಬಾರದಿತ್ತು. 1997ರಿಂದ 2007ರ ತನಕ ಅದು ಬಂದದ್ದು ಸ್ಕೈ ಒನ್ ಚಾನೆಲಿನಲ್ಲಿ. ಪ್ರೀಮಿಯರ್ ಲೀಗ್ ಮ್ಯಾಚುಗಳನ್ನು ಆಗ ತೋರಿಸುತ್ತಿದ್ದದ್ದೂ ಸ್ಕೈ. ಕಥೆಯ ತಂಡ ಹಾರ್ಚೆಸ್ಟರ್ ಯುನೈಟೆಡ್ ಕಾಲ್ಪನಿಕ, ಜೆರ್ಸಿ ನೇರಳೆ ಬಣ್ಣ, ಆದರೆ ಆಡುವುದು ನಿಜವಾದ ಪ್ರೀಮಿಯರ್ ಲೀಗಿನಲ್ಲಿ! ಯಾರೂ ಮುಖ ಗಂಟಿಕ್ಕಲಿಲ್ಲ. ಐಟಿವಿಯಲ್ಲಿ 2002ರಿಂದ 2006ರ ವರೆಗೆ ಐದು ಸೀಸನ್ ಬಂದ 'ಫುಟ್‌ಬಾಲರ್ಸ್ ವೈವ್ಸ್' ಕೂಡ ಹಾಗೇ, ತಂಡದ ಹೆಸರು ಅರ್ಲ್ಸ್ ಪಾರ್ಕ್.

ವ್ಯತ್ಯಾಸ ಎಲ್ಲಿ? ಡ್ರೀಮ್ ಟೀಮಿನಲ್ಲಿ ಟೀಮಿನ ಬಸ್ಸೇ ಅಪಘಾತ ಆಗ್ತದೆ, ಗುಂಡು ಹಾರ್ತದೆ, ಆಟಗಾರರು ಸಾಲಾಗಿ ಸಾಯ್ತಾರೆ. ನೋಡುವವರು "ಇದು ಧಾರಾವಾಹಿ ಮಾರಾಯ" ಅಂತ ನಕ್ಕು ಬಿಡ್ತಾರೆ. ಪ್ಲೇಮೇಕರ್ಸಿನ ಕಷ್ಟ ಅಂದರೆ ಅದು ನಂಬುವ ಹಾಗಿತ್ತು. ಲಾಕರ್ ರೂಮಿನ ಪ್ಲಾಸ್ಟರ್, ಸೂಜಿ, ಮೂತ್ರದ ಡಬ್ಬಿ, ಹೆದರಿಕೆ, ಜೊತೆಗೆ ಆಟಗಾರನ ಒಳಮನಸ್ಸಿನ ಮಾತು ಹಿನ್ನೆಲೆಯಲ್ಲಿ. ಉತ್ಪ್ರೇಕ್ಷೆಯನ್ನು ದೊಡ್ಡವರು ಕ್ಷಮಿಸ್ತಾರೆ, ಸಣ್ಣ ಸಣ್ಣ ನಿಜವನ್ನು ಕ್ಷಮಿಸುವುದಿಲ್ಲ.

ಕಾನೂನಿನ ಬಗ್ಗೆ ಒಂದು ತಿದ್ದುಪಡಿ. 2015ರಲ್ಲಿ ಎಚ್‌ಬಿಒ ಚಾನೆಲಿನ 'ಬಾಲರ್ಸ್' ಧಾರಾವಾಹಿ ಬಂದಾಗ ಎನ್‌ಎಫ್‌ಎಲ್ ತಂಡಗಳ ನಿಜ ಹೆಸರು, ಲೋಗೋ, ಜೆರ್ಸಿ ಎಲ್ಲ ಅನುಮತಿ ಇಲ್ಲದೆಯೇ ಬಳಸಿದರು. ಇಂಥ ಬಳಕೆಗೆ ಒಪ್ಪಿಗೆ ಬೇಕೆಂದು ಕಾನೂನು ಹೇಳುವುದಿಲ್ಲ ಅಂತ ಎಚ್‌ಬಿಒ ಬಹಿರಂಗವಾಗಿಯೇ ಹೇಳಿತು. 2019ರ ವರೆಗೆ ಐದು ಸೀಸನ್ ಓಡಿತು. ಎಚ್‌ಬಿಒಗೆ ಭಾನುವಾರದ ಮ್ಯಾಚ್ ತೋರಿಸುವ ದರ್ದು ಇರಲಿಲ್ಲ. ಹೆಸರು ಮರೆಸಿದವರು ನಿಂತರು, ಹೆಸರು ಹಾಕಿದವರು ಓಡಿದರು. ಮಜಾ ಅಲ್ಲವಾ?

ಹಾಗಂತ ಇಲ್ಲಿ ನೀವು ನಿಜವಾದ ಟೀಮಿನ ಹೆಸರು ಹಾಕಲಿಕ್ಕೆ ಹೋಗಬೇಡಿ. ಅಮೆರಿಕದ ಕಾನೂನು ಅಲ್ಲಿಗೆ. ಇಲ್ಲಿಯ ಲೆಕ್ಕ ಬೇರೆ.

ಒಂದು, ಮಾನಹಾನಿ. 2024ರ ಜುಲೈ 1ರಿಂದ ಐಪಿಸಿಯ 499, 500ರ ಬದಲು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಅದರ ವಿವರಣೆಯಲ್ಲಿ ಕಂಪೆನಿಗೆ, ಸಂಘಕ್ಕೆ, ಜನರ ಒಂದು ಗುಂಪಿಗೂ ಮಾನಹಾನಿ ಆಗಬಹುದು ಅಂತ ಉಂಟು. ಅಂದರೆ ಆಟಗಾರ ಮಾತ್ರ ಅಲ್ಲ, ಟೀಮೂ ದೂರು ಕೊಡಬಹುದು. "ಪಾತ್ರಗಳೆಲ್ಲ ಕಾಲ್ಪನಿಕ" ಅಂತ ಶುರುವಿಗೆ ಹಾಕಿದ್ದು ಪೂರ್ತಿ ಕೊಡೆ ಅಲ್ಲ, ನೆತ್ತಿಗೆ ಹಿಡಿದ ಬಾಳೆಲೆ. ಹೆಸರು ಬದಲಾದರೂ ಊರು, ಜೆರ್ಸಿ ನಂಬರ್, ಆಡುವ ಜಾಗ, ಕುಂಟುವ ಕಾಲು, ಮನೆಯವರ ಉದ್ಯೋಗ ಇವೆಲ್ಲ ಸೇರಿ ಒಬ್ಬನನ್ನೇ ತೋರಿಸಿದರೆ ಸಿಕ್ಕಿಬಿದ್ದಿರಿ. ಒಂದು ಪಾತ್ರಕ್ಕೆ ಒಬ್ಬನಿಂದ ಒಂದಕ್ಕಿಂತ ಹೆಚ್ಚು ಗುರುತು ತೆಗೆದುಕೊಳ್ಳಬೇಡಿ. ಕಾಲು ಒಬ್ಬನದ್ದು, ಸಾಲ ಇನ್ನೊಬ್ಬನದ್ದು, ಮಾತು ಮೂರನೆಯವನದ್ದು.

ಇನ್ನೊಂದು, ಟ್ರೇಡ್‌ಮಾರ್ಕ್. ನಿಮ್ಮ ಕಾಲ್ಪನಿಕ ಟೀಮಿನ ಹೆಸರನ್ನು ಸರಕಾರದ ಟ್ರೇಡ್‌ಮಾರ್ಕ್ ಹುಡುಕಾಟದ ಪುಟದಲ್ಲಿ ಹಾಕಿ ನೋಡಿ, ಅದು ಉಚಿತ. ಕ್ಲಾಸ್ 41 ಕ್ರೀಡೆ ಮತ್ತು ಮನರಂಜನೆಗೆ, ಕ್ಲಾಸ್ 25 ಬಟ್ಟೆಗೆ. ಜೆರ್ಸಿ ಇರುವುದರಿಂದ ಎರಡರಲ್ಲೂ ನೋಡಬೇಕು. ರಿಜಿಸ್ಟರ್ ಆಗದ ಹೆಸರಿನ ಟೀಮುಗಳು ನಮ್ಮಲ್ಲಿ ರಾಶಿ ಇರುವ ಕಾರಣ ಅಷ್ಟಕ್ಕೇ ಬಿಡಬೇಡಿ. ಕಾಸರಗೋಡಿನಿಂದ ಮಲಪ್ಪುರಂ ತನಕದ ಟೂರ್ನಮೆಂಟ್ ಪೋಸ್ಟರುಗಳನ್ನು ಒಂದು ಸೀಸನ್ನಿನದ್ದಾದರೂ ಕಣ್ಣಾಡಿಸಿ. ಬ್ರದರ್ಸ್, ಸಿಟಿ, ಯುನೈಟೆಡ್, ಸ್ಟಾರ್, ಫ್ರೆಂಡ್ಸ್ ಈ ಶಬ್ದಗಳನ್ನು ಮುಟ್ಟಲೇಬೇಡಿ. ಮೂಲೆಮೂಲೆಯಲ್ಲೂ ಒಂದೊಂದು ಉಂಟು.

—

ಮಜಲುಗದ್ದೆ (ಕುಂಬಳೆ):

ಇಬ್ಬರಿಗೂ ಉಪಕಾರ. ಈಗ ಒಂದು ತೊಡಕು ಹೇಳ್ತೇನೆ. ಒಂದು ಕಮಿಟಿಯವರು ಟೂರ್ನಮೆಂಟ್ ಮುಗಿದ ಮೇಲೆ ನಾಲ್ಕು ರಾತ್ರಿ ಗ್ರೌಂಡ್, ಗ್ಯಾಲರಿ, ಲೈಟ್ ಎಲ್ಲ ಪುಕ್ಕಟೆ ಕೊಡ್ತೇವೆ ಅಂದಿದ್ದಾರೆ. ಷರತ್ತು ಇಷ್ಟೇ, ಸ್ಕ್ರಿಪ್ಟ್ ಒಮ್ಮೆ ಓದಲಿಕ್ಕೆ ಕೊಡಬೇಕು. ಅವರ ಸ್ಪಾನ್ಸರಿನ ಬ್ಯಾನರ್ ಹಾಗೇ ಇರ್ತದೆ.

—

ಪಯಸ್ವಿನಿ ಬದಿ:

ಅದೇ ನಾನು ಹೇಳಿದ ಜಾಗ ಮಾರಾಯ್ರೇ. ನಿಮ್ಮ ಕುಂಬಳೆಯಲ್ಲೇ ಒಂದು ಪುಟ್ಟ ಎನ್‌ಎಫ್‌ಎಲ್ ಸಿಕ್ಕಿತು.

ಪುಕ್ಕಟೆ ಬೇಡ. ಬಾಡಿಗೆ ಕೊಡಿ, ಕಡಿಮೆಯಾದರೂ ಅಡ್ಡಿಯಿಲ್ಲ, ರಶೀದಿ ಮಾಡಿಸಿ. ದುಡ್ಡು ಕೊಟ್ಟವ ಬಾಡಿಗೆದಾರ, ಕೊಡದವ ನೆಂಟ. ನೆಂಟನಿಗೆ ಮಾತ್ರ ಬುದ್ಧಿ ಹೇಳುವ ಹಕ್ಕು ಎಲ್ಲರಿಗೂ ಇರ್ತದೆ. ಒಪ್ಪಂದ ಎರಡು ಪುಟ ಸಾಕು: ಯಾವ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಕರೆಂಟ್ ಯಾರದ್ದು, ಡೀಸೆಲ್ ಯಾರದ್ದು, ಏನಾದರೂ ಮುರಿದರೆ ಯಾರು ಕಟ್ಟಿ ಕೊಡಬೇಕು, ಮಳೆ ಬಂದರೆ ಬದಲಿ ದಿನ ಯಾವುದು. ಚಿತ್ರೀಕರಿಸಿದ್ದನ್ನು ಸರಣಿಯಲ್ಲಿ, ಟ್ರೈಲರಿನಲ್ಲಿ, ಜಾಹೀರಾತಿನಲ್ಲಿ ಬಳಸುವ ಹಕ್ಕು ನಿಮ್ಮದು ಮತ್ತು ಆ ಜಾಗ ಕಥೆಯಲ್ಲಿ ಬೇರೆ ಊರಿನ ಹೆಸರಿನಲ್ಲಿ ಬರ್ತದೆ ಎಂಬ ಎರಡು ಸಾಲು ತಪ್ಪದೆ ಬೇಕು. ಕಥೆಯ ಬಗ್ಗೆ ಅಂತಿಮ ಮಾತು ನಿರ್ಮಾಪಕರದ್ದು ಅಂತ ಬರೆಸಿ, ಆ ಪುಟಕ್ಕೆ ಸಹಿ ಬೇರೆಯಾಗಿ ಹಾಕಿಸಿ.

ಸ್ಕ್ರಿಪ್ಟ್ ಪೂರ್ತಿ ಕೊಡಬಾರದು. ಆ ಗ್ರೌಂಡಿನಲ್ಲಿ ತೆಗೆಯುವ ದೃಶ್ಯಗಳ ಒಂದೊಂದು ಸಾಲಿನ ಪಟ್ಟಿ ಕೊಡಿ. ಆದರೆ ಬೆಟ್ಟಿಂಗ್ ಉಂಟು ಎಂಬುದನ್ನು ಬಾಯಲ್ಲಿ ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮೂರನೇ ರಾತ್ರಿ ಲೈಟ್ ಆಫ್ ಆಗ್ತದೆ.

ಬ್ಯಾನರ್ ಅಂತೂ ಒಂದೂ ಇರಬಾರದು. ಚಿನ್ನದಂಗಡಿಯ ಬ್ಯಾನರಿನ ಕೆಳಗೆ ಬೆಟ್ಟಿಂಗಿನ ಮಾತುಕತೆ ನಡೆದರೆ ಮೊದಲ ಫೋನು ಬರುವುದು ಆ ಅಂಗಡಿಯಿಂದ. ನಿಮ್ಮದೇ ಕಾಲ್ಪನಿಕ ಅಂಗಡಿಗಳ ಫ್ಲೆಕ್ಸ್ ಎಂಟು ಹತ್ತು ಮಾಡಿಸಿ, ಅದೇ ಹಗ್ಗಕ್ಕೆ ಕಟ್ಟಿ.

ದೊಡ್ಡವರಲ್ಲೂ ಈ ಕಥೆ ಮತ್ತೆ ನಡೆದಿದೆ. ಆಟಗಾರರ ಮಿದುಳಿನ ಪೆಟ್ಟಿನ ಬಗ್ಗೆ ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನ ಫ್ರಂಟ್‌ಲೈನ್ ಸಾಕ್ಷ್ಯಚಿತ್ರ ತಂಡದ ಜೊತೆ ಸೇರಿ ಕೆಲಸ ಮಾಡ್ತಾ ಇದ್ದ ಇಎಸ್‌ಪಿಎನ್, 2013ರ ಆಗಸ್ಟಿನಲ್ಲಿ ತನ್ನ ಹೆಸರನ್ನು ಹಿಂದೆ ತೆಗೆದುಕೊಂಡಿತು. ಲೀಗಿನ ಒತ್ತಡ ಅಂತ ಪತ್ರಿಕೆಗಳು ಬರೆದವು, ಇಬ್ಬರೂ ಅಲ್ಲಗಳೆದರು. ಸಾಕ್ಷ್ಯಚಿತ್ರ ಮಾತ್ರ ಬಂತು. ಯಾಕೆ? ಪಿಬಿಎಸ್‌ಗೆ ಮ್ಯಾಚ್ ಕೊಳ್ಳಲಿಕ್ಕೆ ಇರಲಿಲ್ಲ.

—

ಸುಗ್ಗಿಬೈಲು:

ಆಟದ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಬರೀತೇನೆ. ಸೆವೆನ್ಸ್ ಬಗ್ಗೆ ಬರುವ ಸ್ಕ್ರಿಪ್ಟುಗಳು ಕೆಡುವುದು ಹನ್ನೊಂದು ಜನರ ಆಟದ ಅಭ್ಯಾಸದಿಂದ.

ಸೆವೆನ್ಸಿನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ (ಎದುರಾಳಿ ಡಿಫೆಂಡರುಗಳನ್ನು ದಾಟಿ ಮುಂದೆ ನಿಂತು ಪಾಸ್ ತೆಗೆದುಕೊಳ್ಳಬಾರದು ಎಂಬ ನಿಯಮ) ಇಲ್ಲ. ಆದ್ದರಿಂದ "ಲೈನ್ಸ್‌ಮನ್ ಫ್ಲ್ಯಾಗ್ ಎತ್ತಿದ, ಗೋಲು ಹೋಯಿತು" ಎಂಬ ದೃಶ್ಯ ಬರೆದಿದ್ದರೆ ಹೊಡೆದುಹಾಕಿ. ಆಫ್‌ಸೈಡ್ ಇಲ್ಲದ ಕಾರಣ ಒಬ್ಬ ಫಾರ್ವರ್ಡ್ ಗೋಲಿಯ ಎದುರೇ ನಿಂತಿರ್ತಾನೆ, ಅವನ ಜೊತೆ ನಿಮ್ಮ ಸ್ಟಾಪರ್ ಬ್ಯಾಕ್ ಇಡೀ ಹೊತ್ತು ಅಂಟಿಕೊಂಡಿರಬೇಕು. ಮೊಣಕೈ, ಭುಜ, ಜೆರ್ಸಿಯ ತುದಿ ಹಿಡಿಯುವುದು, ಕಿವಿಯಲ್ಲಿ ಬೈಯುವುದು ಎಲ್ಲ ಅಲ್ಲೇ. ನಿಮ್ಮ ನಾಟಕಕ್ಕೆ ಬೇಕಾದ ಜಾಗ ಅದು, ಅಲ್ಲಿ ಕ್ಯಾಮೆರಾ ಇಡಿ. ಬಾಲ್ ಎಲ್ಲಿಯೋ ಇರಲಿ.

ಗದ್ದೆ ಯಾವುದು ಎಂಬುದರ ಮೇಲೆ ಕಥೆಯ ತಿಂಗಳು ನಿಲ್ತದೆ. ಏಣಿಲು (ಮಳೆಗಾಲದ ಭತ್ತ) ಮಾತ್ರ ಬೆಳೆಯುವ ಬೈಲಾದರೆ ನವೆಂಬರಿಗೆ ಖಾಲಿ. ಸುಗ್ಗಿ ಎಂಬ ಎರಡನೇ ಬೆಳೆಯೂ ಉಂಟಾದರೆ ಆ ಕೊಯ್ಲು ಮುಗಿಯದೆ ಗ್ರೌಂಡ್ ಸಿಗುವುದಿಲ್ಲ. ಮೊದಲ ಕಂತಿನಲ್ಲಿ ಡಿಸೆಂಬರ್ ಅಂತ ಬರೆದು ಹಿಂದೆ ಪೈರು ಕಾಣಿಸಿದರೆ ನಮ್ಮ ಊರಿನ ಅಜ್ಜಿಯಂದಿರು ಕೂಡ ಹಿಡೀತಾರೆ. ಕೂಳೆ ಕೆತ್ತಿ ತೆಗೆದು, ನೀರು ಬಿಟ್ಟು, ರೋಲರ್ ಎಳೆದು, ಒಣಗಿಸಿ, ಮತ್ತೆ ಮ್ಯಾಚಿಗೆ ಎರಡು ಗಂಟೆ ಮೊದಲು ನೀರು ಚಿಮುಕಿಸ್ತಾರೆ. ನೀರು ಬಿಡದಿದ್ದರೆ ಧೂಳು ಲೈಟಿನ ಎದುರು ಹೊಗೆಯ ಹಾಗೆ ನಿಲ್ತದೆ. ನೋಡಲಿಕ್ಕೆ ಚಂದ, ಆದರೆ ಒಂದು ಶಾಟಿನಲ್ಲಿ ಧೂಳು, ಮತ್ತೊಂದರಲ್ಲಿ ಇಲ್ಲ ಅಂತಾಗಿ ಎಡಿಟಿಂಗಿನಲ್ಲಿ ತಲೆ ಕೆಡ್ತದೆ.

ಮೊಣಗಂಟಿನ ವಿಷಯ. ಏನು ಕೆಟ್ಟಿದೆ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಎಸಿಎಲ್ (ಮೊಣಗಂಟಿನ ಒಳಗಿನ ಮುಖ್ಯ ಕಟ್ಟು) ಹರಿದದ್ದು ಅಂತಾದರೆ ಆಪರೇಷನ್ ಆಗಿ ಆಟಕ್ಕೆ ಮರಳಲಿಕ್ಕೆ ಸಾಮಾನ್ಯವಾಗಿ ಕನಿಷ್ಠ 9 ತಿಂಗಳು ಬಿಡಬೇಕು ಅಂತ ಹೇಳ್ತಾರೆ. ನವೆಂಬರಿಂದ ಮೇ ತನಕದ ಸೆವೆನ್ಸ್ ಸೀಸನ್ ಅಲ್ಲಿಗೆ ಪೂರಾ ಹೋಯಿತು. "ನಾಲ್ಕನೇ ಕಂತಿನಲ್ಲಿ ಬಿದ್ದ, ಆರನೇ ಕಂತಿನಲ್ಲಿ ಫೈನಲ್ ಆಡಿದ" ಆಗುವುದಿಲ್ಲ. ಕಥೆ ಹಾಗೇ ಬೇಕಾದರೆ ಮೆನಿಸ್ಕಸ್ಸಿನ (ಮೊಣಗಂಟಿನ ಮೆತ್ತೆಯಂಥ ಮೃದ್ವಸ್ಥಿ) ಸಣ್ಣ ಹರಕು ಅಂತ ಮಾಡಿ. ಒಂದೊಂದು ದಿನ ಏನೂ ಇಲ್ಲದ ಹಾಗೆ, ಒಂದೊಂದು ದಿನ ಮಡಚಿದ ಕಾಲು ನೀಟ ಆಗದೆ ಸಿಕ್ಕಿಕೊಳ್ಳುವುದು. ಮೆಟ್ಟಿಲು ಇಳಿಯುವಾಗ ಹತ್ತುವಾಗಿನದಕ್ಕಿಂತ ಜಾಸ್ತಿ ಪಜೀತಿ. ಇಂಜೆಕ್ಷನ್ ನೋವನ್ನು ಮುಚ್ಚಿಸ್ತದೆ, ಹರಕನ್ನು ಹೊಲಿಯುವುದಿಲ್ಲ. ನೋವು ಇಲ್ಲದ್ದರಿಂದ ಅವ ಪೂರ್ತಿ ಭಾರ ಹಾಕಿ ತಿರುಗ್ತಾನೆ, ಅದರಿಂದ ಹರಕು ದೊಡ್ಡದಾಗ್ತದೆ. ಈ ಒಂದು ಕಾರಣವನ್ನು ಕಂಪೌಂಡರ್ ಬಾಯಲ್ಲಿ ಒಂದೇ ಸಾಲಿನಲ್ಲಿ ಹೇಳಿಸಿದರೆ ಸಾಕು, ಡಾಕ್ಟರ ಭಾಷಣ ಬೇಡ.

ಹೆಸರು ಬದಲಿಸಿ ಆಡುವುದು ಯಾಕೆ ಎಂಬುದನ್ನೂ ಸ್ಪಷ್ಟ ಮಾಡಿ, ಇಲ್ಲದಿದ್ದರೆ ಶಿವಮೊಗ್ಗ, ಮೈಸೂರು ಕಡೆಯ ನೋಡುಗರಿಗೆ ಅರ್ಥ ಆಗ್ಲಿಕ್ಕಿಲ್ಲ. ಸೆವೆನ್ಸ್ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆಯ ಹೊರಗೆ ಬೆಳೆದ ಆಟ. ಅಲ್ಲಿ ರಿಜಿಸ್ಟರ್ ಆದವ ಇಲ್ಲಿ ಆಡಿದ್ದು ಗೊತ್ತಾದರೆ ಕ್ರಮ ಆಗಬಹುದು. ಆದರೆ ಮ್ಯಾಚ್ ಮುಗಿದ ರಾತ್ರಿಯೇ ಕೈಗೆ ದುಡ್ಡು ಸಿಗುವುದು ಇಲ್ಲಿ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದು ಕೈಯಲ್ಲಿ ಲಕೋಟೆ. ಪೋಸ್ಟರಿನಲ್ಲಿ ಅವನ ಸುಳ್ಳು ಹೆಸರು, ಗ್ಯಾಲರಿಯಲ್ಲಿ ಒಬ್ಬ ನಿಜ ಹೆಸರು ಹಿಡಿದು ಕೂಗುವುದು. ಬೆಟ್ಟಿಂಗಿಗಿಂತ ದೊಡ್ಡ ಹೆದರಿಕೆ ಅದು.

ಪ್ಲೇಮೇಕರ್ಸಿನ ಒಂದು ಕೊರತೆ ಇಲ್ಲಿ ಹೇಳಬೇಕು. ಅಲ್ಲಿ ತೋರಿಸಿದ ಒಂದೊಂದೂ ಆಟದ ಲೋಕದಲ್ಲಿ ಇರುವಂಥದ್ದೇ. 2014ರಲ್ಲಿ ಎನ್‌ಎಫ್‌ಎಲ್ ಆಟಗಾರ ರೇ ರೈಸ್ ಹೆಂಡತಿಯಾಗಲಿದ್ದವಳನ್ನು ಲಿಫ್ಟಿನಲ್ಲಿ ಹೊಡೆದ ವಿಡಿಯೊ ಹೊರಬಂತು. 2021ರಲ್ಲಿ ಕಾರ್ಲ್ ನಾಸಿಬ್, ಆಡ್ತಾ ಇರುವಾಗಲೇ ತಾನು ಸಲಿಂಗಿ ಅಂತ ಹೇಳಿದ ಮೊದಲ ಎನ್‌ಎಫ್‌ಎಲ್ ಆಟಗಾರ ಆದ. ಹಾಗಂತ ಅದನ್ನು ಭವಿಷ್ಯವಾಣಿ ಅಂತ ಹೊಗಳುವವರ ಜೊತೆ ನಾನಿಲ್ಲ. ಹನ್ನೊಂದು ಕಂತಿನಲ್ಲಿ ಅಷ್ಟೂ ಕೇಡನ್ನು ಒಂದೇ ಟೀಮಿನ ತಲೆಗೆ ಕಟ್ಟಿದ್ದರಿಂದ ಲೀಗಿನವರಿಗೆ "ಇಡೀ ಆಟಕ್ಕೇ ಮಸಿ ಬಳಿದಿರಿ" ಅಂತ ಹೇಳಲಿಕ್ಕೆ ಸುಲಭ ಆಯಿತು. ನಿಮ್ಮಲ್ಲಿ ಮೊಣಗಂಟು ಉಂಟು, ಸುಳ್ಳು ಹೆಸರು ಉಂಟು. ಬೆಟ್ಟಿಂಗ್ ಮೂರನೆಯದ್ದು. ಆರು ಕಂತಿಗೆ ಎರಡು ಸಾಕಿತ್ತು.

—

ನಾಲ್ಕನೇ ಅಂಪೈರ್:

ಬೆಟ್ಟಿಂಗ್ ತೆಗೆದರೆ ಕಮಿಟಿಯ ತೊಡಕೂ ಅರ್ಧ ಹೋಗ್ತದೆ. ಆದರೆ ಕಮಿಟಿಗೆ ಹೆದರಿ ತೆಗೆಯಬೇಡಿ, ಕಥೆಗೆ ಬೇಡವಾದರೆ ತೆಗೆಯಿರಿ. ಎರಡಕ್ಕೂ ವ್ಯತ್ಯಾಸ ಉಂಟು.

ಬಿಟ್ಟುಹೋದದ್ದು: ಒಟಿಟಿಗೆ ಕೊಡುವುದಾದರೆ 2021ರ ಐಟಿ ನಿಯಮದಂತೆ ವಯಸ್ಸಿನ ವರ್ಗ ಹಾಕಬೇಕು, ಯು, ಯು/ಎ 7+, 13+, 16+, ಎ ಅಂತ. ಗ್ಯಾಲರಿಯ ಹಿಂದೆ ಬೀಡಿ ಸೇದುವ ದೃಶ್ಯ ಇದ್ದರೆ 2023ರ ಸೆಪ್ಟೆಂಬರ್ 1ರಿಂದ ಒಟಿಟಿಯಲ್ಲೂ ತಂಬಾಕಿನ ಎಚ್ಚರಿಕೆ ಕಡ್ಡಾಯ. ಶುರುವಿಗೆ ಮತ್ತು ನಡುವೆ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ದೃಶ್ಯ-ಶ್ರವ್ಯ ಎಚ್ಚರಿಕೆ, ಸೇದುವಾಗ ಕೆಳಗೆ ಬರಹ. 25 ನಿಮಿಷದ ಕಂತಿನಲ್ಲಿ ಒಂದು ಬೀಡಿಗೆ ಇಷ್ಟೆಲ್ಲ ಕೊಡುವುದು ಲಾಭವಾ ನೋಡಿ. ಎಲೆ ಅಡಿಕೆ ಮಾತ್ರ ಜಗಿಯಲಿ, ಹೊಗೆಸೊಪ್ಪು ಬೇಡ.

—

ಮೂರು ಫೇಸ್ (ಬದಿಯಡ್ಕ):

ರಾತ್ರಿ ಮ್ಯಾಚ್ ತೆಗೆಯುವ ಪ್ರಶ್ನೆಗೆ.

ಕಮಿಟಿಗಳ ಹಳೇ ಫ್ಲಡ್‌ಲೈಟ್ ಹೆಚ್ಚಿನದ್ದು ಮೆಟಲ್ ಹೇಲೈಡ್ ಎಂಬ ಬಲ್ಬಿನದ್ದು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಆ ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗ್ತದೆ. ಕ್ಯಾಮೆರಾದ ಮೆನುವಿನಲ್ಲಿ ವಿಡಿಯೊ ಪದ್ಧತಿ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಿಸಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಓಟ ಸ್ವಲ್ಪ ಚುರುಕಾಗಿ ಕಾಣಬೇಕಾದರೆ 1/100. ಈ ಎರಡು ಬಿಟ್ಟು 1/60, 1/125 ಹಾಕಿದರೆ ಪಟ್ಟೆ ಪಟ್ಟೆ ಏರಿ ಇಳೀತದೆ, ಎಡಿಟಿಂಗಿನಲ್ಲಿ ಸರಿ ಮಾಡುವಾಗ ಜೀವ ಹೋಗ್ತದೆ. ಫೋನಿನ ಸ್ಲೋ ಮೋಷನ್ 240 ಫ್ರೇಮಿನಲ್ಲಿ ಇಟ್ಟು ಲೈಟಿಗೆ ಹಿಡಿದು ನೋಡಿ, ಯಾವ ಕಂಬ ಎಷ್ಟು ಮಿಟುಕ್ತದೆ ಅಂತ ಅರ್ಧ ನಿಮಿಷದಲ್ಲಿ ತಿಳೀತದೆ. ಎಲ್‌ಇಡಿ ಅಂದ ಕೂಡಲೇ ನಂಬಬೇಡಿ, ಒಳಗಿನ ಡ್ರೈವರ್ ಅಗ್ಗದ್ದಾದರೆ ಅದೂ ಮಿಟುಕ್ತದೆ.

ಎಲ್ಲ ಕಂಬಗಳನ್ನು ಒಂದೇ ಫೇಸಿಗೆ (ಕರೆಂಟಿನ ಮೂರು ಲೈನುಗಳಲ್ಲಿ ಒಂದಕ್ಕೆ) ಕೊಟ್ಟಿದ್ದರೆ ಎಲ್ಲವೂ ಒಟ್ಟಿಗೆ ಮಂಕಾಗ್ತವೆ. ಎಲೆಕ್ಟ್ರಿಷನ್ ಹತ್ತಿರ ಮೂರು ಫೇಸಿಗೂ ಹಂಚಿ ಕೊಡಲಿಕ್ಕೆ ಹೇಳಿ, ಒಂದು ಇಳಿಯುವಾಗ ಇನ್ನೊಂದು ಏರಿರ್ತದೆ, ಮಿಟುಕು ಬಹಳ ಕಡಿಮೆಯಾಗ್ತದೆ. ಖರ್ಚು ಇಲ್ಲದ ಉಪಾಯ, ಆದರೆ ಮಾಡುವವರು ಕಡಿಮೆ.

ಸ್ಲೋ ಮೋಷನ್ ಆ ಲೈಟಿನಲ್ಲಿ ತೆಗೆಯಬೇಡಿ. 100 ಫ್ರೇಮ್ ಅಂದರೆ ಲೈಟಿನ ಬಡಿತದ ಲೆಕ್ಕಕ್ಕೆ ಸರಿಯಾಗಿ ಕೂತ ಹಾಗೆ ಕಾಣ್ತದೆ, ಆದರೆ ಕರೆಂಟ್ ಯಾವತ್ತೂ ಕರಾರುವಾಕ್ಕಾಗಿ 50ರಲ್ಲಿ ನಿಲ್ಲುವುದಿಲ್ಲ, ಚೂರು ಜಾರಿದರೂ ಬೆಳಕು ಉಸಿರಾಡಿದ ಹಾಗೆ ಏರಿಳೀತದೆ. ಸ್ಲೋ ಮೋಷನ್ ಶಾಟುಗಳನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ, ಹಿಂದೆ ಫ್ಲಡ್‌ಲೈಟ್ ಬರೇ ಚುಕ್ಕೆಯ ಹಾಗೆ ಉರೀತಾ ಇರುವಾಗ ಮುಗಿಸಿ. ದಿನಕ್ಕೆ ನಾಲ್ಕೈದು ಶಾಟ್ ಸಿಕ್ಕಿದರೆ ದೊಡ್ಡದು.

ಮೆಟಲ್ ಹೇಲೈಡ್ ಒಮ್ಮೆ ನಂದಿದರೆ ಕೂಡಲೇ ಹೊತ್ತುವುದಿಲ್ಲ. ಬಿಸಿ ಇಳಿಯಬೇಕು, 10ರಿಂದ 15 ನಿಮಿಷ. ಹೊತ್ತಿದ ಮೇಲೂ ನಾಲ್ಕೈದು ನಿಮಿಷ ಬಣ್ಣ ಬೇರೆ, ಆಗ ತೆಗೆದ ಶಾಟ್ ಮೊದಲಿನದಕ್ಕೆ ಹೊಂದುವುದಿಲ್ಲ. ಆದ್ದರಿಂದ ರಾತ್ರಿಗೆ ಎರಡು ಸಲ ಕರೆಂಟ್ ಹೋಗ್ತದೆ ಅಂತಲೇ ವೇಳಾಪಟ್ಟಿ ಹಾಕಿ. ಆ ಹೊತ್ತಿಗೆ ಬೆಂಚಿನ ಮೇಲಿನ ಮಾತಿನ ಕ್ಲೋಸಪ್ ಇಟ್ಟುಕೊಳ್ಳಿ, ಬ್ಯಾಟರಿಯ ಸಣ್ಣ ಎಲ್‌ಇಡಿ ಸಾಕು.

ಜನ. ನಲ್ವತ್ತು ಜನ ಅಂದಿರಿ. ಇಪ್ಪತ್ತೆಂಟು ಮಂದಿಯನ್ನು ಗ್ಯಾಲರಿಯ ಒಂದು ಮೂಲೆಯಲ್ಲಿ ಮೂರು ಸಾಲು ಕೂರಿಸಿ. ಕ್ಯಾಮೆರಾ ಮೊಣಕಾಲಿನ ಎತ್ತರದಲ್ಲಿ, ಎದುರು ಆಟಗಾರ, ಹಿಂದೆ ಜನ ಸ್ವಲ್ಪ ಮಸುಕು. ಲಾಂಗ್ ಲೆನ್ಸ್ 200 ಹಾಕಿದರೆ ಆ ಮೂರು ಸಾಲೇ ಗೋಡೆಯ ಹಾಗೆ ಕಾಣ್ತದೆ. ಮುಂದಿನ ಶಾಟಿಗೆ ಅಂಗಿ ಅದಲು ಬದಲು, ಮುಂಡಾಸು ತೆಗೆದು ಮತ್ತೊಬ್ಬರಿಗೆ, ಇನ್ನೊಂದು ಮೂಲೆ. ಇನ್ನೊಂದು ಕ್ಯಾಮೆರಾ ಕೈಯಲ್ಲಿ, 24 ಅಥವಾ 35ರ ಲೆನ್ಸ್, ಹಿಡಿದವ ಚಡ್ಡಿ ಬೂಟು ಹಾಕಿ ಆಟಗಾರರ ಜೊತೆಯೇ ಓಡಬೇಕು.

ಅಡಿಕೆ ಮರ, ಬಿದಿರು, ಹಗ್ಗದ ಗ್ಯಾಲರಿಯ ಮೇಲಿನ ಸಾಲಿಗೆ ಯಾರನ್ನೂ ಹತ್ತಿಸಬೇಡಿ. 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ತುಂಬ ಜನರಿಗೆ ಗಾಯ ಆದದ್ದು ನೆನಪಿರಬಹುದು. ಟೂರ್ನಮೆಂಟ್ ಮುಗಿದ ಮೇಲಿನ ಗ್ಯಾಲರಿ ಅಂದರೆ ಹಗ್ಗ ಸಡಿಲಾದದ್ದು, ಗಂಟುಗಳನ್ನು ಕಟ್ಟಿದವರನ್ನೇ ಕರೆಸಿ ಮತ್ತೆ ಬಿಗಿಸಿ. ಗೋಲಿಗೆ ಎಲ್ಲರೂ ಒಟ್ಟಿಗೆ ಹಾರುವ ಶಾಟ್ ನೆಲದ ಮೇಲೆ ತೆಗೆಯಿರಿ.

ಆಟವನ್ನು ಆಡಿಸಿ ತೆಗೀತೇವೆ ಅಂತ ಹೊರಟರೆ ರಾತ್ರಿ ಮುಗಿದರೂ ಒಂದು ಗೋಲು ಸಿಗುವುದಿಲ್ಲ. ಆರು ಕಂತಿಗೂ ಸೇರಿ ಹನ್ನೆರಡು ಚಲನೆ ನಿಗದಿ ಮಾಡಿ, ಒಂದೊಂದು 4ರಿಂದ 6 ಸೆಕೆಂಡ್. ಯಾರು ಎಲ್ಲಿಂದ ಓಡುವುದು, ಎಲ್ಲಿ ಬೀಳುವುದು ಅಂತ ಗದ್ದೆಯಲ್ಲಿ ಕೋನ್ ಇಟ್ಟು ಹಗಲು ಅಭ್ಯಾಸ ಮಾಡಿಸಿ. ಒಂದೊಂದನ್ನೂ ಎರಡು ಕ್ಯಾಮೆರಾದಿಂದ ಮೂರು ದಿಕ್ಕಿನಲ್ಲಿ ತೆಗೆಯಿರಿ. ಆಮೇಲೆ ಕಡಿಮೆ ಬಿದ್ದರೆ ಚಿತ್ರ ಎಡಬಲ ತಿರುಗಿಸಿ ಹಾಕುವ ಆಸೆ ಆಗ್ತದೆ, ಆಗ ಜೆರ್ಸಿ ನಂಬರ್ ಉಲ್ಟಾ! ಮುಖ್ಯ ಪಾತ್ರಕ್ಕೆ 8 ಅಥವಾ 11 ಕೊಟ್ಟಿರಿ, ತಿರುಗಿಸಿದರೂ ಗೊತ್ತಾಗುವುದಿಲ್ಲ. ಫ್ಲೆಕ್ಸಿನ ಅಕ್ಷರ ಮಾತ್ರ ಫ್ರೇಮಿಗೆ ಬರದ ಹಾಗೆ ನೋಡಿಕೊಳ್ಳಿ.

ಮುಖ್ಯ ಆಟಗಾರರಿಗೆ ಒಂದೇ ಜೆರ್ಸಿ ಮೂರು ಪ್ರತಿ ಬೇಕು: ಒಣಗಿದ್ದು, ಬೆವರಿದ್ದು, ಮಣ್ಣಾದದ್ದು. ಬೆವರಿಗೆ ನೀರು ಮಾತ್ರ ಹೊಡೆದರೆ ಐದು ನಿಮಿಷದಲ್ಲಿ ಆರ್ತದೆ. ಗ್ಲಿಸರಿನ್ ಅರ್ಧ, ನೀರು ಅರ್ಧ ಸ್ಪ್ರೇ ಬಾಟಲಿಯಲ್ಲಿ. ಗೋಲಿಯ ಕೈಗೆ ತಾಗಿಸಬೇಡಿ, ಬಾಲ್ ಜಾರ್ತದೆ.

ಅನೌನ್ಸ್‌ಮೆಂಟ್ ಅಲ್ಲಿ ಮೈಕಿನಲ್ಲಿ ಹಾಕಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ ಉಂಟು, ಮತ್ತೆ ನಿಮ್ಮ ಸಂಭಾಷಣೆಯೆಲ್ಲ ಅದರ ಕೆಳಗೆ ಸಾಯ್ತದೆ. ಮಲಯಾಳದ ಅನೌನ್ಸರನ್ನು ಬೇರೆ ದಿನ ಕೋಣೆಯಲ್ಲಿ ಕೂರಿಸಿ ಇಪ್ಪತ್ತು ನಿಮಿಷ ಮಾತಾಡಿಸಿ, ಹಾರ್ನ್ ಸ್ಪೀಕರಿನಲ್ಲಿ ಅದನ್ನು ಹಗಲು ಖಾಲಿ ಬೈಲಿನಲ್ಲಿ ಊದಿಸಿ ನೂರು ಮೀಟರ್ ದೂರದಿಂದ ಮತ್ತೆ ರೆಕಾರ್ಡ್ ಮಾಡಿ. ಗುಡ್ಡಕ್ಕೆ ಬಡಿದು ಬರುವ ಆ ಪ್ರತಿಧ್ವನಿ ಕಂಪ್ಯೂಟರಿನಲ್ಲಿ ಹುಟ್ಟುವುದಿಲ್ಲ.

—

ಮಜಲುಗದ್ದೆ (ಕುಂಬಳೆ):

ಬೆಟ್ಟಿಂಗ್ ತೆಗೆದಾಯಿತು. ಕಮಿಟಿಗೆ ಹೆದರಿ ಅಲ್ಲ, ಸುಗ್ಗಿಬೈಲಿನವರು ಹೇಳಿದ ಮೇಲೆ ಲೆಕ್ಕ ಹಾಕಿದರೆ ಮೂರನೇ ಕಂತಿನಲ್ಲಿ ಸ್ಟಾಪರ್ ಬ್ಯಾಕ್ ಇಪ್ಪತ್ತೈದರಲ್ಲಿ ಹನ್ನೆರಡು ನಿಮಿಷ ಕಾಣುವುದೇ ಇಲ್ಲ. ಮೊಣಗಂಟು ಮೆನಿಸ್ಕಸ್ ಆಗ್ತದೆ. ಜೆರ್ಸಿ 5 ಇದ್ದದ್ದು 8. ಗ್ರೌಂಡಿಗೆ ಬಾಡಿಗೆಯೇ ಕೊಡುವುದು ಅಂತ ತೀರ್ಮಾನ.

ಮೂರು ಫೇಸಿನವರಿಗೆ ಒಂದು ಪ್ರಶ್ನೆ: ಕರೆಂಟ್ ನಂಬದೆ ಜನರೇಟರಿನಲ್ಲೇ ಪೂರಾ ತೆಗೆದರೆ ಮಿಟುಕುವ ತಾಪತ್ರಯ ತಪ್ತದಾ?

—

ಮೂರು ಫೇಸ್ (ಬದಿಯಡ್ಕ):

ಇಲ್ಲ, ಹೆಚ್ಚಾಗಲಿಕ್ಕೂ ಸಾಕು. ಡೀಸೆಲ್ ಜನರೇಟರ್ 50 ಹರ್ಟ್ಜ್ ಕೊಡಬೇಕಾದರೆ ಇಂಜಿನ್ 1500 ಆರ್‌ಪಿಎಮ್ಮಿನಲ್ಲಿ ನಿಲ್ಲಬೇಕು. ಲೋಡ್ ಒಮ್ಮೆಲೇ ಏರಿದರೆ ಇಂಜಿನ್ ಕುಗ್ಗಿ 48, 49ಕ್ಕೆ ಇಳೀತದೆ, 1/50 ಶಟರ್ ಹಾಕಿಯೂ ಪಟ್ಟೆ ಬರ್ತದೆ. ಕಂಬಗಳನ್ನು ಒಂದೊಂದಾಗಿ, ಎರಡೆರಡು ನಿಮಿಷ ಬಿಟ್ಟು ಹೊತ್ತಿಸಿ. ಚಹಾದ ಕೆಟಲು, ಇಸ್ತ್ರಿಪೆಟ್ಟಿಗೆ, ಮೇಕಪ್ಪಿನವರ ಹೇರ್ ಡ್ರೈಯರ್ ಯಾವುದನ್ನೂ ಅದೇ ಜನರೇಟರಿಗೆ ಸಿಕ್ಕಿಸಬಾರದು. ಪ್ಯಾನೆಲಿನಲ್ಲಿ ಹರ್ಟ್ಜ್ ಮೀಟರ್ ಇರುವ ಜನರೇಟರೇ ಬಾಡಿಗೆಗೆ ತನ್ನಿ, ಒಬ್ಬ ಹುಡುಗನನ್ನು ಅದರ ಎದುರೇ ನಿಲ್ಲಿಸಿ. ಅವ "ಐವತ್ತು" ಅಂತ ಕೂಗಿದ ಮೇಲೆ ಕ್ಯಾಮೆರಾ ಓಡಿಸಿ.